ಗಟ್ಟಿಮೇಳ ಬಾರಿಸುವಾಗ ನಾನು ಹದ್ದಿನ ಹಿಂದಿದ್ದೆ

ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಇಪ್ಪತ್ತೆರಡು ವರ್ಷಗಳಿಂದ ನಾನು ಜನರಿಗೆ ಹೇಳುತ್ತ ಬಂದಿರುವುದು ಒಂದೇ ಮಾತು: "ಅಲ್ಲಾಡಬೇಡಿ." ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರು, ಮದುಮಕ್ಕಳು, ನಿವೃತ್ತಿಯ ಹಾರ ಹಾಕಿಕೊಂಡ ಮೇಷ್ಟ್ರುಗಳು, ಎಲ್ಲರೂ ನನ್ನ ಮಾತಿಗೆ ಉಸಿರು ಬಿಗಿಹಿಡಿದು ನಿಂತಿದ್ದಾರೆ. ನಿಂತವರನ್ನೇ ತೆಗೆದೂ ತೆಗೆದೂ ನಾನು ದೊಡ್ಡ ಛಾಯಾಗ್ರಾಹಕ ಎಂಬ ಭ್ರಮೆ ಹತ್ತಿತು. ಆ ಭ್ರಮೆಯಲ್ಲಿ, ನಲವತ್ತಾರನೇ ವಯಸ್ಸಿನಲ್ಲಿ, ಮೊಳದುದ್ದದ ಒಂದು ಲೆನ್ಸ್ ಕೊಂಡೆ. ಹದ್ದು, ಗಿಡುಗ, ಡೇಗೆಗಳನ್ನು ಹಾರುವಾಗಲೇ ಹಿಡಿಯುವುದು ನನ್ನ ಹೊಸ ಗುರಿಯಾಗಿತ್ತು.

ಹೆಂಡತಿ ಅದನ್ನು ಎರಡೂ ಕೈಯಲ್ಲಿ ಎತ್ತಿ ತೂಗಿ ನೋಡಿದಳು. "ಫೋಟೋ ಸಿಗದಿದ್ರೆ ಇದ್ರಲ್ಲೇ ಹೊಡ್ದು ಬೀಳ್ಸಬಹುದು ಮಾರಾಯ್ರೇ."

ಮೊದಲ ತಿಂಗಳು ನನಗೆ ಸಿಕ್ಕಿದ್ದು ಆಕಾಶ. ಬರಿಗಣ್ಣಿಗೆ ಕಾಣುವ ಹದ್ದು ಲೆನ್ಸಿಗೆ ಕಣ್ಣಿಟ್ಟ ಕೂಡಲೇ ಮಾಯ. ಎಡಕ್ಕೆ ಹುಡುಕಿದರೆ ಮೋಡ, ಬಲಕ್ಕೆ ಹುಡುಕಿದರೆ ಕರೆಂಟು ಕಂಬ. ಎರಡನೇ ತಿಂಗಳು ಒಂದು ರೆಕ್ಕೆಯ ತುದಿ ಸಿಕ್ಕಿತು. ಅದನ್ನು ದೊಡ್ಡದು ಮಾಡಿ ಕಂಪ್ಯೂಟರಿನ ಪರದೆಗೆ ಹಾಕಿಕೊಂಡೆ. ಅಂಗಡಿಗೆ ಬಂದವರೊಬ್ಬರು ಅದನ್ನು ನೋಡಿ, ಕೊಡೆ ರಿಪೇರಿಯನ್ನೂ ಶುರು ಮಾಡಿದ್ದೀರಾ ಎಂದು ಕೇಳಿದರು.

ಹೀಗಿರುವಾಗ ಶೃಂಗೇರಿಯಲ್ಲೊಂದು ಮದುವೆ ಒಪ್ಪಿಕೊಂಡಿದ್ದೆ. ಹುಡುಗಿ ದನದ ಡಾಕ್ಟರು. ವಿಡಿಯೋ ಬೇಡ, ಫೋಟೋ ಮಾತ್ರ ಸಾಕು ಎಂದಿದ್ದಳು. ಅಂದರೆ ಅಂದಿನ ಎಲ್ಲ ಭಾರವೂ ನನ್ನೊಬ್ಬನ ಮೇಲೆ. ಮುಹೂರ್ತಕ್ಕೆ ಇನ್ನೂ ಹತ್ತು ನಿಮಿಷ ಇದೆ ಎಂದು ಪುರೋಹಿತರು ಹೇಳಿದರು. ಕಾರಿನಲ್ಲಿಟ್ಟಿದ್ದ ಬ್ಯಾಟರಿ ತರಲು ಹೊರಗೆ ಬಂದೆ. ಆಗಲೇ ಮೇಲಿನಿಂದ "ಕ್ಲೀ, ಕ್ಲೀ" ಎಂದು ಕೂಗು ಕೇಳಿತು. ಹಾವು ತಿನ್ನುವ ದೊಡ್ಡ ಗಿಡುಗ, ಕಲ್ಯಾಣ ಮಂಟಪದ ನೆತ್ತಿಯ ಮೇಲೆಯೇ, ಬಿಸಿಲಿಗೆ ರೆಕ್ಕೆ ಹರಡಿ ನಿಧಾನವಾಗಿ ಸುತ್ತುತ್ತಿತ್ತು. ಅಷ್ಟು ಕೆಳಗೆ ನಾನು ಅದನ್ನು ಕಂಡದ್ದೇ ಇಲ್ಲ.

ಹತ್ತು ನಿಮಿಷ ಇದೆಯಲ್ಲ ಎಂದುಕೊಂಡೆ. ಉದ್ದದ ಲೆನ್ಸ್ ಹಾಕಿದೆ. ಗಿಡುಗ ಬಲಕ್ಕೆ ಹೋಯಿತು, ನಾನೂ ಹೋದೆ. ಅದು ಊಟದ ಹಾಲಿನ ಹಿಂದೆ ತಿರುಗಿತು, ನಾನೂ ಚಪ್ಪಲಿಗಳ ರಾಶಿ ದಾಟಿ ಅತ್ತ ಓಡಿದೆ. ಒಳಗಿನಿಂದ ವಾಲಗದ ಸದ್ದು ಜೋರಾಗಿ ಬಂತು. ವಾಲಗದವರು ಶ್ರುತಿ ಸರಿಮಾಡಿಕೊಳ್ಳುತ್ತಿರಬೇಕು ಎಂದುಕೊಂಡೆ. ಇಪ್ಪತ್ತೆರಡು ವರ್ಷದಲ್ಲಿ ಸಾವಿರ ಗಟ್ಟಿಮೇಳ ಕೇಳಿದ ಕಿವಿ ನನ್ನದು!

ಅದು ಗಟ್ಟಿಮೇಳವೆಂದು ಅರಿವಾದಾಗ ಬಿದ್ದು ಎದ್ದು ಒಳಗೆ ಓಡಿದೆ. ಅಕ್ಷತೆ ಬೀಳುತ್ತಿತ್ತು. ಕ್ಯಾಮೆರಾ ಎತ್ತಿ ಒತ್ತಿಯೇ ಒತ್ತಿದೆ. ಆದರೆ ಅದರಲ್ಲಿದ್ದದ್ದು ಹದ್ದಿನ ಲೆನ್ಸ್. ಮಂಟಪದ ಬುಡದಲ್ಲಿ ನಿಂತು ಅದರಲ್ಲಿ ನೋಡಿದರೆ ಮದುಮಕ್ಕಳೆಲ್ಲಿ ಕಾಣಬೇಕು? ನನಗೆ ದಕ್ಕಿದ್ದು ಪುರೋಹಿತರ ಒಂದು ಕಿವಿ ಮತ್ತು ಮದುಮಗನ ಹುಬ್ಬಿನಲ್ಲಿ ಸಿಕ್ಕಿಕೊಂಡ ಒಂದು ಅಕ್ಕಿಕಾಳು.

ಮದುಮಗಳ ತಂದೆ ಕಣ್ಣೊರೆಸಿಕೊಳ್ಳುತ್ತ ಹತ್ತಿರ ಬಂದರು. "ತಾಳಿ ಕಟ್ಟಿದ್ದು ಚೆನ್ನಾಗಿ ಬಂತಲ್ಲ?"

"ನೋಡ್ಬೇಕು" ಎಂದೆ. ಆ ಸುಳ್ಳು ಹೊತ್ತುಕೊಂಡೇ ಊಟಕ್ಕೆ ಕೂತೆ. ಹೋಳಿಗೆಯೂ ಇಳಿಯಲಿಲ್ಲ. ಕೊನೆಗೆ ತಡೆಯಲಾರದೆ ಮದುಮಗಳ ಮುಂದೆ ಹೋಗಿ ನಿಂತು ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಬೇಕಾದರೆ ಇನ್ನೊಮ್ಮೆ ತಾಳಿ ಕಟ್ಟಿದ ಹಾಗೆ ಮಾಡಿ, ತೆಗೆದುಕೊಡುತ್ತೇನೆ ಎಂದೂ ಸೇರಿಸಿದೆ.

ಪಕ್ಕದಲ್ಲಿ ಕುಳಿತಿದ್ದ ಅವಳ ಅಜ್ಜಿ ತಲೆ ಎತ್ತಿದರು. "ಎಂತ ಮಾಣಿ, ತಾಳಿ ಅಂದ್ರೆ ಜಡೆ ರಿಬ್ಬನ್ನಾ? ಎರಡೆರಡು ಸಲ ಕಟ್ಟೂಕೆ?"

ಹುಡುಗನೆಂದು ಕರೆಸಿಕೊಂಡ ನಲವತ್ತಾರರ ಮಾಣಿ ತಲೆ ತಗ್ಗಿಸಿದ. ಮದುಮಗಳು ಮಾತ್ರ ನನ್ನನ್ನೇ ನೋಡುತ್ತಿದ್ದಳು. ಸಿಟ್ಟು ಬಂದಿತ್ತು, ಮುಖ ಕೆಂಪಾಗಿತ್ತು. ಕೊನೆಗೆ ಕೇಳಿದಳು: "ಹದ್ದಾದ್ರೂ ಸರಿ ಬಂತಾ?"

ಕ್ಯಾಮೆರಾ ತೋರಿಸಿದೆ. ಬಂದದ್ದು ಬಾಲ. ಅದೂ ಅರ್ಧ. ಅವಳು ಅದನ್ನು ನೋಡಿ ಹೂವಿನ ದಂಡೆ ಜಾರುವಷ್ಟು ನಕ್ಕಳು. ಆ ನಗುವಿನ ಫೋಟೋವನ್ನೂ ನಾನು ತೆಗೆಯಲಿಲ್ಲ. ಲೆನ್ಸ್ ಬದಲಾಯಿಸುವುದು ಮರೆತಿತ್ತು.

ಆಮೇಲೆ ನೆಂಟರ ಮೊಬೈಲುಗಳಿಂದ ಫೋಟೋ ಬೇಡುವ ಕೆಲಸಕ್ಕೆ ಇಳಿದೆ. ಒಬ್ಬೊಬ್ಬರ ಮುಂದೆ ಕೈಚಾಚಿದಾಗಲೂ "ನೀವೇ ಅಲ್ವಾ ಫೋಟೋಗ್ರಾಫರು?" ಎಂಬ ಪ್ರಶ್ನೆ. ಎಲ್ಲಕ್ಕಿಂತ ಒಳ್ಳೆಯ ಚಿತ್ರ ಸಿಕ್ಕಿದ್ದು ಅಡುಗೆ ಭಟ್ಟರ ಬಳಿ. ಗಟ್ಟಿಮೇಳ ಕೇಳಿ ಅವರು ಒಲೆ ಬಿಟ್ಟು ಬಂದು ಬಾಗಿಲಲ್ಲಿ ನಿಂತು ಒತ್ತಿದ್ದರು. ತಾಳಿ, ಬಗ್ಗಿದ ಮದುಮಗ, ಹಿಂದೆ ಅಳುವ ತಂದೆ, ಎಲ್ಲವೂ ಇದ್ದವು. ಮೊಬೈಲಿನ ಲೆನ್ಸಿಗೆ ಅವರ ಎಣ್ಣೆಬೆರಳು ತಗುಲಿದ್ದರಿಂದ ಇಡೀ ಚಿತ್ರಕ್ಕೊಂದು ಮೃದುವಾದ ಹೊಳಪು ಬಂದಿತ್ತು. ಆಲ್ಬಮ್ಮಿನ ನಡುಪುಟಕ್ಕೆ ಅದನ್ನೇ ಹಾಕಿದೆ. ಈಗಲೂ ಕೆಲವರು ಅದನ್ನು ನೋಡಿ ಬಂದು, ನಮಗೂ ಅಂಥದ್ದೇ ಹೊಳಪು ಬೇಕು ಎನ್ನುತ್ತಾರೆ. ನಾನು ಮಾಡಿಕೊಡುತ್ತೇನೆ, ಕಂಪ್ಯೂಟರಿನಲ್ಲಿ, ಅರ್ಧ ದಿನ ಕೂತು.

ಮದುವೆಗೆ ಉದ್ದದ ಲೆನ್ಸ್ ಒಯ್ಯುವುದನ್ನು ಅಂದಿಗೇ ಬಿಟ್ಟೆ. ಹುಚ್ಚು ಮಾತ್ರ ಬಿಡಲಿಲ್ಲ. ಮುಂದಿನ ಚಳಿಗಾಲ ನರಸಿಂಹರಾಜಪುರಕ್ಕೆ ಹೋದೆ. ಅಲ್ಲಿ ಮೀನಿನಂಗಡಿ ನಡೆಸುವ ಸಾಹೇಬರೊಬ್ಬರು ನನಗೆ ಹಳಬರು. ಬೆಳಿಗ್ಗೆ ಭದ್ರಾ ಹಿನ್ನೀರಿನ ದಡಕ್ಕೆ ಮೀನು ಕೊಳ್ಳಲು ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಮೀನು ಹಿಡಿಯುವ ಡೇಗೆ ಬರುತ್ತಿತ್ತು. ನಾಲ್ಕು ದಿನ ನಾನು ಕ್ಯಾಮೆರಾದ ಗುಂಡಿ ಹುಡುಕುವಷ್ಟರಲ್ಲಿ ಅದು ಮೀನು ಹಿಡಿದುಕೊಂಡು ಹೋಗಿಯಾಗುತ್ತಿತ್ತು.

ಐದನೇ ದಿನ ಸಾಹೇಬರಿಗೆ ತಡೆಯಲಾಗಲಿಲ್ಲ. "ಆ ಮಿಷನ್ನು ಸ್ವಲ್ಪ ಕೆಳಗಿಡಿ ಮಾರಾಯ್ರೇ. ಹಕ್ಕಿ ನೋಡಿ. ರೆಕ್ಕೆ ಬಡೀತಾ ಒಂದೇ ಕಡೆ ನಿಲ್ತದೆ, ಕಾಲು ಕೆಳಗೆ ಬಿಡ್ತದೆ. ಆಮೇಲೇ ನೀರಿಗೆ ಬೀಳೂದು. ಅದು ಬಿದ್ದ ಮೇಲೆ ನೀವು ಏಳ್ತೀರಿ."

ನೋಡಿದೆ. ಅವರು ಹೇಳಿದಂತೆಯೇ ನಿಂತಿತು, ಕಾಲು ಬಿಟ್ಟಿತು. ಕ್ಯಾಮೆರಾ ಎತ್ತಿದೆ. "ಈಗ!" ಎಂದರು. ನೀರು ಸಿಡಿದು ಡೇಗೆ ಮೀನಿನೊಂದಿಗೆ ಮೇಲೆದ್ದಾಗ ಮೊದಲ ಬಾರಿ ನನ್ನ ಬೆರಳು ಹೊತ್ತಿಗೆ ಸರಿಯಾಗಿ ಒತ್ತಿತ್ತು. ಪರದೆಯಲ್ಲಿ ದೊಡ್ಡದು ಮಾಡಿ ನೋಡಿದೆ. ಹಕ್ಕಿ ಪೂರ್ತಿ ಚೌಕಟ್ಟಿನೊಳಗಿತ್ತು, ಆದರೆ ಮುಖ ಮಸುಕು. ಮೀನು ಮಾತ್ರ ಒಂದೊಂದು ಹುರುಪೆಯನ್ನೂ ಎಣಿಸುವಷ್ಟು ಸ್ಪಷ್ಟ.

"ಜಿಲೇಬಿ ಮೀನು," ಎಂದರು ಸಾಹೇಬರು ಬಗ್ಗಿ ನೋಡಿ. "ಒಳ್ಳೆ ತಾಜಾ ಉಂಟು. ನನಗೊಂದು ಕಾಪಿ ಮಾಡ್ಕೊಡಿ."

ಚೌಕಟ್ಟು ಹಾಕಿಸಿ ಕೊಟ್ಟೆ. ಅದನ್ನು ತಕ್ಕಡಿಯ ಮೇಲಿನ ಗೋಡೆಗೆ ತೂಗುಹಾಕಿದ್ದಾರೆ. ಹೋದ ವಾರ ನಾನು ಅಲ್ಲಿದ್ದಾಗ ಗಿರಾಕಿಯೊಬ್ಬರು ಚಿತ್ರದ ಕಡೆ ಕೈ ತೋರಿಸಿ, "ಇದು ಬಂದಿದ್ಯಾ ಇವತ್ತು?" ಎಂದು ಕೇಳಿದರು. ಸಾಹೇಬರು ಇಲ್ಲವೆಂದು, ಹೆಮ್ಮೆಯಿಂದ ನನ್ನತ್ತ ತಿರುಗಿದರು. "ಫೋಟೋ ತೆಗ್ದವ್ರು ಇವ್ರೇ."

ಗಿರಾಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಮೀನು ಚೆನ್ನಾಗಿ ಬಂದಿದೆ," ಎಂದರು.