ಭಂಡಾರ ಹಚ್ಚಿದ ಬೆರಳು

ರಾಯಬಾಗ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ದೈಹಿಕ ಶಿಕ್ಷಕ. ನನ್ನ ಜಂಬವೆಲ್ಲ ಅಳತೆಯ ಟೇಪಿನ ಮೇಲೆ. ಯಾವ ಮಗು ತಕರಾರು ತೆಗೆದರೂ ಟೇಪು ಎಳೆದು ತೋರಿಸುತ್ತಿದ್ದೆ, ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಕ್ರೀಡಾ ಹಾಸ್ಟೆಲಿನ ಆಯ್ಕೆಗೆ ವರ್ಷಕ್ಕೆ ಒಬ್ಬಳೇ ವಾಲಿಬಾಲ್ ಹುಡುಗಿಯನ್ನು ಕಳಿಸಬೇಕು. ಅದಕ್ಕೊಂದು ಜಿಗಿತದ ಪರೀಕ್ಷೆ. ಗೋಡೆಯ ಪಕ್ಕ ನಿಂತು, ಹಿಮ್ಮಡಿ ಎತ್ತದೆ, ಕೈ ಪೂರ್ತಿ ಚಾಚಿ, ಸೀಮೆಸುಣ್ಣದ ಪುಡಿ ಹಚ್ಚಿದ ಬೆರಳಿನಿಂದ ಒಂದು ಗುರುತು ಮಾಡಬೇಕು. ಆಮೇಲೆ ಜಿಗಿದು ಇನ್ನೊಂದು. ನಡುವಿನ ಅಂತರವೇ ಜಿಗಿತ. ನಮ್ಮ ಹುಡುಗಿಯರು ಜಿಗಿಯುವುದಕ್ಕಿಂತ ಮೊದಲು ಕುಗ್ಗುವುದನ್ನು ಕಲಿತಿದ್ದರು. ಮೊದಲ ಗುರುತಿಗೆ ಭುಜ ಇಳಿಸಿ, ಮೊಣಕೈ ಚೂರು ಮಡಿಸಿ, ಮುಖದಲ್ಲಿ ಮಾತ್ರ ಆಕಾಶ ಮುಟ್ಟುವ ಕಷ್ಟ ತೋರಿಸುವರು. ಕೆಳಗಿನ ಗುರುತು ಇಳಿದಷ್ಟೂ ಜಿಗಿತ ಹೆಚ್ಚಲ್ಲವೇ! ನಾನೂ ಕಂಡೂ ಕಾಣದವನಂತೆ ಬರೆದುಕೊಂಡು, ಆ ದೊಡ್ಡ ಅಂಕಿಗಳನ್ನು ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಹಾಕಿ ಶಹಬ್ಬಾಸ್ ಗಿಟ್ಟಿಸುತ್ತಿದ್ದೆ.

ಕಬ್ಬು ಬೆಳೆಯುವವರ ಮನೆಯ ಒಬ್ಬಳಿಗೆ ಮಾತ್ರ ಈ ವಿದ್ಯೆ ಹತ್ತಲಿಲ್ಲ. ಕೈ ಎತ್ತು ಎಂದರೆ ಅಂಗಿಯ ಹೊಲಿಗೆ ಬಿಚ್ಚುವಷ್ಟು ಎತ್ತುವಳು. ಒಂಬತ್ತನೇ ತರಗತಿಯಲ್ಲಿ ಎರಡೇ ಸೆಂಟಿಮೀಟರಿನಿಂದ ಸೋತಳು. ಗೆದ್ದವಳನ್ನು ಜಿಲ್ಲೆಯಲ್ಲಿ ಮತ್ತೆ ಅಳೆದು ವಾಪಸ್ ಕಳಿಸಿದರು. ಅವರ ಟೇಪೇ ಸರಿಯಿಲ್ಲ ಎಂದು ನಾನು ಊರೆಲ್ಲ ಹೇಳಿಕೊಂಡು ಬಂದೆ.

ಹತ್ತನೇ ತರಗತಿಯಲ್ಲಿ ಅವಳ ಅಪ್ಪ ಶಾಲೆಗೇ ಬಂದ. "ಸರ, ಹಾಸ್ಟೆಲ್ ಸಿಕ್ರ ಆಡ್ಲಿ. ಸಿಗಲಿಲ್ಲಂದ್ರ ಆಟ ಇಲ್ಲಿಗೆ ಸಾಕ್ರಿ," ಎಂದು ಹೇಳಿ ಹೋದ. ಅವಳಿಗೆ ಉಳಿದದ್ದು ಅದೊಂದೇ ಪರೀಕ್ಷೆ.

ಪರೀಕ್ಷೆಯ ದಿನ ಸೀಮೆಸುಣ್ಣದ ಪುಡಿಯ ಡಬ್ಬಿ ತೆರೆದರೆ ಮಳೆನೀರು ಇಳಿದು ಎಲ್ಲ ಗಟ್ಟಿಯಾಗಿತ್ತು. ಬಿಸಿಯೂಟ ಮಾಡುವ ಅಕ್ಕನ ಬಳಿ ಹೋಗಿ ಅರಿಸಿನ ಕೇಳಿದೆ.

"ಅಡಗಿ ಅರಿಷಿಣ ತೀರೇತ್ರಿ ಸರ. ಚಿಂಚಲಿ ಮಾಯಕ್ಕನ ಭಂಡಾರ ಐತಿ, ಕೊಡ್ಲೇನ್ರಿ?" ಎಂದು ಗುಡಿಯಿಂದ ತಂದಿಟ್ಟಿದ್ದ ಪ್ರಸಾದದ ಅರಿಸಿನದ ಪೊಟ್ಟಣ ಬಿಚ್ಚಿದಳು.

ಹಳದಿ ಪುಡಿ, ಬಿಳಿ ಗೋಡೆ, ಗುರುತು ಚೆನ್ನಾಗಿ ಕಾಣುತ್ತದೆ ಎಂದಷ್ಟೇ ಯೋಚಿಸಿದೆ. ದೇವಿಯ ಭಂಡಾರ ಮುಟ್ಟಿ ಆಣೆ ಮಾಡಿದರೆ ಅಣ್ಣತಮ್ಮಂದಿರ ಬದುವಿನ ಜಗಳವೂ ಮುಗಿಯುವ ಸೀಮೆ ಇದು. ಆ ಪುಡಿ ಕೈಯಲ್ಲಿದ್ದಾಗ ಸುಳ್ಳಿಗೆ ಯಾರೂ ಧೈರ್ಯ ಮಾಡುವುದಿಲ್ಲ ಎಂಬುದು ನನ್ನಂಥ ಪದವೀಧರನಿಗೆ ಹೊಳೆಯಲೇ ಇಲ್ಲ.

ಹೋದ ವರ್ಷ ಗೆದ್ದವಳೇ ಮೊದಲು ಬಂದಳು. ಬೆರಳು ಅದ್ದಿ, ಹಣೆಗೊಂದಿಷ್ಟು ಹಚ್ಚಿಕೊಂಡು ಗೋಡೆಯ ಬಳಿ ನಿಂತಳು. ರೂಢಿಯಂತೆ ಭುಜ ಇಳಿಯತೊಡಗಿತು. ಬೆರಳನ್ನೊಮ್ಮೆ ನೋಡಿದಳು. ಆಮೇಲೆ ಕೈ ಸರ್ರನೆ ಮೇಲೇರಿತು.

"ಏನ್ ಬೇ, ಒಂದ ವರ್ಷದಾಗ ಇಷ್ಟ ಎತ್ತರ ಆದಿ?" ಎಂದೆ.

"ಸುಮ್ನಿರ್ರಿ ಸರ, ತಾಯಿ ಭಂಡಾರ ಐತಿ," ಎಂದಳು.

ಅವಳ ಹಿಂದೆ ಬಂದ ಐವರೂ ಹಾಗೆಯೇ ಎತ್ತರವಾದರು. ಎಲ್ಲರ ಜಿಗಿತವೂ ನಾಲ್ಕು ಬೆರಳು ಕಡಿಮೆಯಾಯಿತು. ಕೊನೆಗೆ ಕಬ್ಬಿನವರ ಹುಡುಗಿ ಎಂದಿನಂತೆಯೇ ಕೈ ಎತ್ತಿ, ಎಂದಿನಂತೆಯೇ ಜಿಗಿದಳು. ಎರಡು ಸಲ ಅಳೆದೆ. ಅವಳೇ ಮೊದಲು. ಸೋತವರೇ ಅವಳನ್ನು ಎತ್ತಿಕೊಂಡು ಕುಣಿದರು.

ಅರ್ಜಿಗೆ ಸಹಿ ಹಾಕಲು ಕೂತಾಗ ಕಾಗದಕ್ಕೆ ಹಳದಿ ಹತ್ತಿತು. ನೋಡಿದರೆ ಟೇಪು ಹಿಡಿದ ನನ್ನ ಕೈಗೂ ಭಂಡಾರ ಮೆತ್ತಿಕೊಂಡಿತ್ತು. ಬಹಳ ನಾಚಿಕೆಯಾಯಿತು. ಅವಳನ್ನು ಕರೆದು ಹೇಳಿಬಿಟ್ಟೆ:

"ಹೋದ ವರ್ಷ ಅವರೆಲ್ಲ ಭುಜಾ ಇಳಸಿದ್ದು ನಾ ನೋಡಿದ್ದೆ, ಯವ್ವಾ."

"ಗೊತ್ತೈತ್ರಿ ಸರ. ನೀವು ನೋಡೂದನ್ನ ನಾನೂ ನೋಡಿದ್ದೆ."

"ಮತ್ತ ಆವತ್ತ ಯಾಕ ಹೇಳಲಿಲ್ಲ?"

ಅವಳು ಅರ್ಜಿ ತೆಗೆದುಕೊಂಡು, ಹಳದಿ ಕಲೆಯನ್ನು ಊದಿ, ಮೆಲ್ಲಗೆ ನಕ್ಕಳು.

"ಹೇಳಿದ್ರ ನೀವು ಟೇಪ್ ಎಳದು ತೋರಸ್ತಿದ್ರಿ."