ಬೋಗುಣಿಯ ತಳದ ಹೂವು

ಮೂವತ್ತೊಂದು ವರ್ಷಗಳ ಹಿಂದೆ, ಕಾರ್ನಿವಲ್ ಹಬ್ಬದ ಮಂಗಳವಾರ ಬೆಳಿಗ್ಗೆ, ಬೆಳ್ಳಿಬೆಟ್ಟದ ಬುಡದ ಊರು ಪೊತೊಸಿಯ ಮನೆಮನೆಯ ಬಾಗಿಲಿಗೂ ಬಣ್ಣದ ಕಾಗದದ ಸುರುಳಿ ಕಟ್ಟಿ ಭೂತಾಯಿಗೆ ಮೆಕ್ಕೆಜೋಳದ ಹೆಂಡ ಚಿಚಾ ಎರೆಯುತ್ತಿದ್ದ ಹೊತ್ತಿನಲ್ಲಿ, ನೆಮೆಸಿಯಾ ಚುಂಗಾರ ತಮ್ಮ ಗಂಡ ಕೆರೆಯ ಗೋಡೆಗೆ ಮೆತ್ತಿದ್ದ ಸಿಮೆಂಟನ್ನು ಗಡಾರಿಯಿಂದ ಒಡೆದರು. ಆ ಸಿಮೆಂಟಿಗೂ ಸುರುಳಿ ಕಟ್ಟಲಾಗಿತ್ತು. ಅದರ ಮೇಲೆ ಎರೆದ ಚಿಚಾ ಇನ್ನೂ ಆರಿರಲಿಲ್ಲ. ಹರಸಿದ ವಸ್ತುವನ್ನು ಹರಸಿದ ದಿನವೇ ಒಡೆದವರನ್ನು ಇಲ್ಲಿಯ ಜನ ಸುಲಭದಲ್ಲಿ ಕ್ಷಮಿಸುವುದಿಲ್ಲ. ಆದರೆ ಆ ಜನ ಇಂದಿಗೂ ತಮ್ಮ ತಮ್ಮ ಮನೆಗಳಲ್ಲಿ ಮಲಗಿ ಏಳುತ್ತಿದ್ದರೆ, ಅದಕ್ಕೆ ಕಾರಣ ಆ ಗಡಾರಿಯ ಪೆಟ್ಟು.

ಈಗ ನೆಮೆಸಿಯಾ ಅವರಿಗೆ ಎಪ್ಪತ್ತೊಂದು. ಊರಿನಿಂದ ಒಂದೂವರೆ ಗಂಟೆಯ ಏರು ಹತ್ತಿದರೆ ಸಿಗುವ ಸಂತ ಪೊಲೊನಿಯಾ ಕೆರೆಯ ಏರಿಯ ಕೆಳಗೆ, ಬೆಳಕು ಹರಿಯುವ ಮುಂಚೆಯೇ ಅವರು ಬಗ್ಗಿ ನಿಂತಿರುತ್ತಾರೆ. ಕೆನ್ನೆಯಲ್ಲಿ ಕೋಕಾ ಎಲೆಯ ಉಂಡೆ, ಕೈಯಲ್ಲಿ ಬಿಳಿ ಬಣ್ಣದ ತಗಡಿನ ಬೋಗುಣಿ. ಅದರ ತಳದಲ್ಲೊಂದು ನೀಲಿ ಹೂವಿನ ಚಿತ್ರ. ಗೋಡೆಯ ಬುಡದಲ್ಲಿ ಅಂಗೈಯಗಲದ ಒಂದು ತೂತು. ಅದರಿಂದ ಒಸರುವ ನೀರಿಗೆ ಬೋಗುಣಿ ಒಡ್ಡಿ ಅವರು ಮೆಲ್ಲಗೆ ಎಣಿಸುತ್ತಾರೆ. ನಲವತ್ತಕ್ಕೆ ತುಂಬಬೇಕು. ತುಂಬಿದ ಮೇಲೆ ಹೂವಿನ ಎಸಳು ಎಸಳೂ ಕಾಣಬೇಕು. ಮೂವತ್ತಕ್ಕೇ ತುಂಬಿದರೆ ಎಚ್ಚರ. ಹೂವು ಮಸುಕಾದರೆ ಗಂಡಾಂತರ. ಹೀಗೆ ಇದುವರೆಗೆ ಹನ್ನೊಂದು ಸಾವಿರಕ್ಕೂ ಮೀರಿದ ಬೆಳಗುಗಳು.

"ನೀರು ಬಂದ್ರೆ ಹೆದರ್ಬಾರ್ದು," ಎನ್ನುತ್ತಾರೆ. "ಮಣ್ಣು ತಗೊಂಡು ಬಂದ್ರೆ ಹೆದರ್ಬೇಕು. ಗೋಡೆ ತನ್ನ ಹೊಟ್ಟೇಲಿರೋದನ್ನ ಕದ್ದು ಹೊರಗೆ ಕೊಡ್ತಾ ಇದೆ ಅಂತ ಅರ್ಥ."

ಈ ಏರಿಗೆ ನಾಲ್ಕು ಶತಮಾನ ಮಿಕ್ಕಿದ ವಯಸ್ಸು. ಪಾದರಸ ಬೆರೆಸಿ ಬೆಳ್ಳಿ ತೆಗೆಯುವ ವಿದ್ಯೆ ಈ ಬೆಟ್ಟಕ್ಕೆ ಬಂದಾಗ ಅದಿರನ್ನು ಹಿಟ್ಟಿನಂತೆ ಕುಟ್ಟಬೇಕಾಯಿತು. ಕುಟ್ಟಲು ಒನಕೆಗಳು, ಒನಕೆ ಎತ್ತಲು ಚಕ್ರಗಳು, ಚಕ್ರ ತಿರುಗಿಸಲು ವರ್ಷವಿಡೀ ನೀರು. ಮಳೆಯೋ ನಾಲ್ಕೇ ತಿಂಗಳು. ಆದ್ದರಿಂದ ಬೆಟ್ಟಗಳ ಹೆಗಲ ಮೇಲೆ ಕೆರೆಗಳು ಮೂಡಿದವು. ಎರಡು ಕಲ್ಲುಗೋಡೆ, ನಡುವೆ ತುಳಿದು ಗಟ್ಟಿ ಮಾಡಿದ ಜೇಡಿಮಣ್ಣು. ತುಳಿದವರು ಸರದಿಯ ಬಿಟ್ಟಿದುಡಿಮೆಗೆ ಹಳ್ಳಿಗಳಿಂದ ನಡೆಸಿ ತಂದ ಜನ, ನೆಮೆಸಿಯಾ ಅವರ ಹಿರಿಯರು. ಆ ಕಾಲದಲ್ಲಿಯೇ ಒಂದು ಕೆರೆ ಒಡೆದು ಅರ್ಧ ಊರನ್ನು ಕೊಚ್ಚಿಕೊಂಡು ಹೋಯಿತು. ಯಂತ್ರಗಳ ವಿಷಯ ಗ್ರಂಥಗಳಲ್ಲಿ ಉಳಿಯಿತು. ಗೋಡೆಯೊಳಗೆ ಇಂಗಿದ ನೀರು ಹೊರಬರಲು ಬುಡದಲ್ಲೊಂದು ತೂತು ಬಿಡಬೇಕೆಂಬ ತಿಳಿವಳಿಕೆ ಮಾತ್ರ ಕಾವಲುಗಾರರ ಬಾಯಲ್ಲೇ ಉಳಿಯಿತು.

ನೆಮೆಸಿಯಾ ಅವರ ಗಂಡ ಲಿಬೊರಿಯೊ ಅಂಥ ಕಾವಲುಗಾರ, ಅಚ್ಚುಕಟ್ಟಿನ ಮನುಷ್ಯ. ಆ ವರ್ಷ ಹಬ್ಬಕ್ಕೆ ಬಂಧುಬಳಗವೆಲ್ಲ ಕೆರೆಯ ಬಳಿಗೇ ಬರುವುದಿತ್ತು. "ಗೋಡೆ ಮೂಗು ಸೋರಿಸ್ಕೊಂಡು ನಿಂತಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?" ಎಂದು ತೂತನ್ನು ಸಿಮೆಂಟಿನಿಂದ ಮುಚ್ಚಿ ಕನ್ನಡಿಯಂತೆ ನಯ ಮಾಡಿದರು. ಐದು ದಿನ ಮಳೆ ಸುರಿಯಿತು. ಮಂಗಳವಾರ ಬೆಳಿಗ್ಗೆ ನೆಮೆಸಿಯಾ ನೋಡುತ್ತಾರೆ: ಎಂದೂ ಒದ್ದೆಯಾಗದ ಎದೆಮಟ್ಟದ ಕಲ್ಲುಸಂದಿಗಳು ಬೆವರುತ್ತಿವೆ, ಗೋಡೆಗೆ ಬಸುರಿಯ ಹೊಟ್ಟೆ ಬಂದಿದೆ.

ಗಡಾರಿ ಎತ್ತಿದಾಗ ಲಿಬೊರಿಯೊ ಕೂಗಿದರು: "ಹುಚ್ಚು ಹಿಡೀತೇನೆ ನಿನಗೆ? ಈಗ್ತಾನೆ ಹರಸಿದ್ದು!"

ಬಂಧುವೊಬ್ಬ ನಕ್ಕು, "ಲಿಬೊರಿಯೊ, ನಿನ್ನ ಹೆಂಡ್ತಿಗೆ ಇನ್ನೊಂದು ಲೋಟ ಕೊಡಪ್ಪ, ಕಮ್ಮಿ ಬಿದ್ದಿದೆ!" ಎಂದ.

"ಕೊಡಿ, ಕುಡೀತೀನಿ," ಎಂದರಂತೆ ಆಕೆ, ಪೆಟ್ಟು ನಿಲ್ಲಿಸದೆ. "ಮೊದ್ಲು ನೀವೆಲ್ಲ ಗೋಡೆ ಮುಂದಿಂದ ಆಚೆ ಹೋಗಿ."

ಏಳನೆಯ ಪೆಟ್ಟಿಗೆ ಸಿಮೆಂಟು ಸಿಡಿಯಿತು. ಹಿಂದೆಯೇ ಕೆಂಪು ಕೆಸರು. ನಗುತ್ತಿದ್ದ ಬಂಧುವೇ ಮೊದಲು ಓಡಿ, ಇತರರೊಡನೆ ಸೇರಿ, ತೂಬಿನ ಹಲಗೆ ಎತ್ತಿದ. ಕೆರೆ ಮೂರು ದಿನ ಇಳಿಯಿತು. ನಾಲ್ಕನೆಯ ದಿನ ಬೋಗುಣಿಯಲ್ಲಿ ಹೂವು ಕಂಡಿತು. ಒಂಬತ್ತು ದಿನ ಲಿಬೊರಿಯೊ ಹೆಂಡತಿಯೊಡನೆ ಮಾತಾಡಲಿಲ್ಲ. ಹತ್ತನೆಯ ಬೆಳಿಗ್ಗೆ ಬೋಗುಣಿಯನ್ನು ತಂದು ಆಕೆಯ ಕೈಗಿತ್ತು, "ನನ್ನ ಕಣ್ಣು ಮಂಜಾಗಿದೆ. ಇನ್ಮೇಲೆ ನೀನೇ ನೋಡು" ಎಂದರು.

"ಕಣ್ಣು ಚೆನ್ನಾಗೇ ಇತ್ತು ಅವರದ್ದು," ಎಂದು ನೆಮೆಸಿಯಾ ಸೆರಗಿನಂಥ ತಮ್ಮ ಶಾಲಿನಲ್ಲಿ ಬಾಯಿ ಮುಚ್ಚಿ ನಗುತ್ತಾರೆ. ಲಿಬೊರಿಯೊ ತೀರಿಕೊಂಡು ಹನ್ನೆರಡು ವರ್ಷ. ಕಾವಲುಗಾರರ ಪಟ್ಟಿಯಲ್ಲಿ ಇಂದಿಗೂ ಇರುವುದು ಅವರ ಹೆಸರೇ.

ಈ ವಾರ ಆ ತೂತಿಗೆ ಮತ್ತೆ ಆಪತ್ತು ಬಂದಿದೆ. ಮಳೆಗಾಲಕ್ಕೆ ಮೊದಲು ಏರಿಯ ದುರಸ್ತಿಯಾಗಬೇಕು. ಗೋಡೆಯ ಪಕ್ಕ ಟಾರ್ಪಾಲಿನಡಿ ಸಿಮೆಂಟಿನ ಹನ್ನೊಂದು ಚೀಲಗಳು ಕುಳಿತಿವೆ. ದುರಸ್ತಿಗೆ ಬಂದ ಎಂಜಿನಿಯರ್ ಯೋವಾನಾ ಪಾಕೋ ಇಪ್ಪತ್ತಾರರ ಯುವತಿ. ಆಕೆಯ ನಕ್ಷೆಯಲ್ಲಿ ಗೋಡೆ ಒಂದೇ ಕಪ್ಪು ಗೆರೆ.

"ಸೋರಿಕೆ ಎಲ್ಲಾ ಮುಚ್ಚಬೇಕಮ್ಮ. ಅಳತೆ ಸುಳ್ಳು ಹೇಳಲ್ಲ."

"ಸುಳ್ಳು ಹೇಳಲ್ಲ ಮಗಳೇ. ಆದ್ರೆ ನೀನು ತೂತನ್ನ ಅಳೀಲೇ ಇಲ್ವಲ್ಲ. ನಕ್ಷೆ ಬಲು ಚೆನ್ನಾಗಿದೆ. ನನ್ನ ಗಂಡನ ಕೆಲಸಾನೂ ಹಿಂಗೇ ಅಚ್ಚುಕಟ್ಟಾಗಿತ್ತು."

ವಾದಿಸುವುದು ನೆಮೆಸಿಯಾ ಅವರ ಜಾಯಮಾನವಲ್ಲ. ಮೂವತ್ತೊಂದು ವರ್ಷದ ಹಿಂದಿನ ಕಥೆಯನ್ನು ಒಮ್ಮೆ ಹೇಳುತ್ತಾರೆ. ಯುವತಿ ಗಡಿಯಾರ ನೋಡಿಕೊಳ್ಳುತ್ತಾಳೆ. ಆಗ ಬೋಗುಣಿಯನ್ನು ಆಕೆಯ ಕೈಗೆ ಕೊಟ್ಟು ಎಣಿಸಲು ಹೇಳುತ್ತಾರೆ. ಮೂವತ್ತೊಂಬತ್ತಕ್ಕೆ ತುಂಬುತ್ತದೆ. ಹೂವು ಕಾಣುತ್ತದೆ. ಬಳಿಕ ಮುದುಕಿ ಒದ್ದೆ ಜೇಡಿ ಮೆತ್ತಿದ ಚಿಂದಿಯನ್ನು ತೂತಿಗೆ ಬಿಗಿಯಾಗಿ ತುರುಕುತ್ತಾರೆ. ಇಬ್ಬರೂ ಕುಳಿತು ಮೆಕ್ಕೆಜೋಳದ ಬಿಸಿ ಪಾನೀಯ ಆಪಿ ಕುಡಿಯುತ್ತಾರೆ, ಒಂದು ಲೋಟ, ಇನ್ನೊಂದು ಲೋಟ.

"ಈಗ ಇಲ್ಲಿ ಕೈ ಇಡು."

ತೂತಿಗಿಂತ ಎರಡು ಗೇಣು ಮೇಲೆ, ಬೆಳಿಗ್ಗೆ ಒಣಗಿದ್ದ ಕಲ್ಲುಸಂದಿಯಲ್ಲಿ, ಯೋವಾನಾಳ ಬೆರಳು ಒದ್ದೆಯಾಗುತ್ತದೆ. ಆಕೆ ಬೆರಳನ್ನು ನೋಡುತ್ತಾಳೆ. ಆ ಮೇಲೆ ಚೀಲಗಳನ್ನು ನೋಡುತ್ತಾಳೆ. ನೆಮೆಸಿಯಾ ಚಿಂದಿ ಕಿತ್ತು ಹಿಂಡುತ್ತಾರೆ.

"ನಿಮಗೇನು ಬೇಕು ಹೇಳಿ ಅಮ್ಮ. ಪಟ್ಟಿಗೆ ನಿಮ್ಮ ಹೆಸರು ಸೇರಿಸೋಕೆ ಹೇಳ್ಲಾ?"

"ಹೆಸರು ನಂದು ಯಾರಿಗ್ಬೇಕು? ನಾಳೆ ನಾನಿರಲ್ಲ, ನಕ್ಷೆ ಇರುತ್ತೆ. ಆ ಕಪ್ಪು ಗೆರೇನ ಇಲ್ಲೊಂದ್ಕಡೆ ಅಳ್ಸು. ಅಲ್ಲೊಂದು ಸೊನ್ನೆ ಹಾಕು. ಅಷ್ಟೇ."

ಯೋವಾನಾ ನಕ್ಷೆಯನ್ನು ಮೊಣಕಾಲ ಮೇಲೆ ಹರಡಿ, ಗೆರೆಯನ್ನು ಉಜ್ಜಿ ಅಳಿಸಿ, ಸೊನ್ನೆಯೊಂದನ್ನು ಬರೆಯುತ್ತಾಳೆ. ಕೈಗಡಿಯಾರ ಬಿಚ್ಚಿ ಜೇಬಿಗಿಳಿಸಿ, ಸಿಮೆಂಟಿನ ಚೀಲದ ಮೇಲೆ ಕಾಲು ಮಡಿಸಿ ಕೂರುತ್ತಾಳೆ.

"ಅಮ್ಮ, ಗಡಾರಿ ಎತ್ತಿದಲ್ಲಿಂದ ಇನ್ನೊಂದ್ಸಲ ಹೇಳಿ. ಈ ಸಲ ಬರ್ಕೋತೀನಿ."