ಶಾಲು ಹೊದಿಸಿ ಪಡೆದ ಸಹಿ

ಕಳೆದ ವಾರ ಔರಾದ ಶಹಾಜನಿಯ ಸಂತೆಯಲ್ಲಿ ಅಂಗಡಿಯವರೊಬ್ಬರು ಕೀಟನಾಶಕದ ಡಬ್ಬಿಯ ಮುಚ್ಚಳ ತಿರುವಿದರು. ಕೊಳೆತ ಬೆಳ್ಳುಳ್ಳಿಯಂಥ ಆ ವಾಸನೆ ಮೂಗಿಗೆ ಬಡಿದಾಗ ನನಗೆ ನೆನಪಾದದ್ದು ತೊಗರಿ ಹೊಲವಲ್ಲ, ಉದಗೀರದ ಕಾಲೇಜಿನಲ್ಲಿ ನನಗೆ ಸಸ್ಯಶಾಸ್ತ್ರ ಕಲಿಸಿದ ಸರ್. ಅದೇ ಔಷಧದ ಪರವಾಗಿ ಸರ್ಕಾರದ ಸಮಿತಿಗೆ ಹೋದ ಪತ್ರದ ಕೆಳಗೆ ಅವರ ಸಹಿಯಿತ್ತು...

ಮಹಾರಾಷ್ಟ್ರದ ಕಾಲೇಜಾದ್ದರಿಂದ ತರಗತಿಯಲ್ಲಿ ಅವರು ಮರಾಠಿಯಲ್ಲಿ ಕಲಿಸುತ್ತಿದ್ದರು. ವಲಾಂಡಿಯ ಕಡೆಯಿಂದ ಬಂದ ನಮ್ಮಂಥ ಕನ್ನಡ ಮನೆಯ ಮಕ್ಕಳು ತಡವರಿಸಿದರೆ ಪ್ರಯೋಗಶಾಲೆಯ ಮೂಲೆಗೆ ಕರೆದು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ನಮ್ಮ ಪ್ರಯೋಗ ಪುಸ್ತಕದ ಪ್ರತಿ ಪುಟದ ನಡುವೆಯೂ ಗೆರೆ ಎಳೆಸುತ್ತಿದ್ದರು: ಎಡಕ್ಕೆ ಕಂಡದ್ದು, ಬಲಕ್ಕೆ ಕೇಳಿದ್ದು. ಓದಿ ತಿಳಿದದ್ದೂ ಅವರ ಪಾಲಿಗೆ ಕೇಳಿದ್ದೇ. ಒಮ್ಮೆ ನಾನು ಸೂಕ್ಷ್ಮದರ್ಶಕದಲ್ಲಿ ನೋಡದೆಯೇ ಎಲೆಯ ಕೋಶಗಳ ಚಿತ್ರ ಬರೆದಿದ್ದೆ. "ಯಾಕವ್ವಾ, ಈ ಎಲಿ ನಿನ್ನ ಕನಸಿನಾಗ ಬಂದಿತ್ತೇನು?" ಎಂದು ಇಡೀ ತರಗತಿಯನ್ನು ನಗಿಸಿ ಪುಟಕ್ಕೆ ಅಡ್ಡಗೆರೆ ಹೊಡೆದಿದ್ದರು.

ಅವರು ನಿವೃತ್ತರಾದ ಮೇಲೆ ಒಂದು ವರ್ಷ, ನಮ್ಮ ಕಾಕಿ, ಚಿಕ್ಕಪ್ಪನ ಹೆಂಡತಿ, ತೊಗರಿಗೆ ಆ ಔಷಧ ಹೊಡೆಯುತ್ತ ಹೊಲದಲ್ಲೇ ಬಿದ್ದಳು. ಜೀವ ಉಳಿಯಿತು, ಕೈಗಳ ನಡುಕ ನಿಲ್ಲಲಿಲ್ಲ. ಹೊಲದಲ್ಲಿ ದುಡಿಯುವ ಹೆಂಗಸರೆಲ್ಲ ಸೇರಿ ಆ ಔಷಧವನ್ನು ನಿಷೇಧಿಸಬೇಕೆಂದು ಅರ್ಜಿ ಕೊಟ್ಟೆವು. ವಿಚಾರಣೆಗೆ ಒಂದು ಸಮಿತಿ ನೇಮಕವಾಯಿತು.

ಆಗ ಆ ಔಷಧದ ಕಂಪನಿ ಮಾಡಿದ್ದನ್ನು ಮುಚ್ಚಿಡದೆ ಹೇಳಬೇಕು. ಅದು ಬಿದ್ದವರ ಹೊಲಗಳಿಗೆ ಬರಲಿಲ್ಲ, ವಿಜ್ಞಾನ ಬಲ್ಲವರ ಮನೆಗಳಿಗೆ ಹೋಯಿತು. ನಿವೃತ್ತ ಅಧ್ಯಾಪಕರನ್ನು ಹುಡುಕಿ ಹುಡುಕಿ ಸತ್ಕಾರ ಏರ್ಪಡಿಸಿತು. ನಮ್ಮ ಸೀಮೆಯಲ್ಲಿ ಸತ್ಕಾರವೆಂದರೆ ಹೆಗಲಿಗೆ ಶಾಲು, ಕೈಗೆ ತೆಂಗಿನಕಾಯಿ. ವೇದಿಕೆಯ ಮೇಲೆ ಅದನ್ನು ಪಡೆದವರು, ಹೊದಿಸಿದವರಿಗೆ ಬಳಿಕ ಇಲ್ಲವೆನ್ನುವ ರೂಢಿಯಿಲ್ಲ. ಕಂಪನಿಯವರು ಇದನ್ನು ಬಲ್ಲವರಾಗಿದ್ದರು. ಸರ್ ಅವರಿಗೂ ಶಾಲು ಹೊದಿಸಿದರು; ಮೂರನೆಯ ದಿನವೇ ಸಿದ್ಧಪಡಿಸಿದ ಪತ್ರ ಅವರ ಮನೆಗೆ ಬಂತು. ಸೂಚನೆಯಂತೆ ಬಳಸಿದರೆ ಈ ಔಷಧದಿಂದ ಅಪಾಯವಿಲ್ಲವೆಂಬುದನ್ನು ಈ ಭಾಗದ ಹೊಲಗಳಲ್ಲಿ ತಾನು ಸ್ವತಃ ಕಂಡಿರುವುದಾಗಿ ಅದರಲ್ಲಿತ್ತು. ಜೀವಮಾನವೆಲ್ಲ ತರಗತಿಯಲ್ಲಿ ಸಸ್ಯಶಾಸ್ತ್ರ ಹೇಳಿದವರನ್ನು ಅದು 'ಹಿರಿಯ ಕೃಷಿ ವಿಜ್ಞಾನಿ' ಎಂದು ಕರೆದಿತ್ತು. ಮೊದಲೇ ಅಭಿಪ್ರಾಯ ಬರೆದಿಟ್ಟುಕೊಂಡು ಆಮೇಲೆ ಸಹಿ ಹಾಕುವ ಕೈ ಹುಡುಕುವುದು ವಿಜ್ಞಾನವಲ್ಲ, ವಂಚನೆ. ಪತ್ರ ಬರೆದವರು ಯಾರೆಂದು ಕೇಳದ ಸಮಿತಿಯದೂ ತಪ್ಪು. ಇಂಥ ಪತ್ರಗಳನ್ನು ವಿಜ್ಞಾನಿಗಳ ಒಮ್ಮತವೆಂದು ಅಚ್ಚು ಹಾಕಿದ ಪತ್ರಿಕೆಗಳದೂ ತಪ್ಪು.

ಪತ್ರದ ಪ್ರತಿಯೊಂದು ಹಳೆಯ ಸಹಪಾಠಿಯ ಮೂಲಕ ನನ್ನ ಕೈಸೇರಿತು. ಕಾಕಿಗೆ ಓದಿ ಹೇಳಿದೆ.

"ಆ ಶಾಲು ನನಗ ಕೊಡ್ರಿ ಅಂತ ಹೇಳು ನಿಮ್ಮ ಸರಗ," ಎಂದಳು. "ಔಷಧ ಹೊಡಿಯೂ ಮುಂದ ಮೂಗು ಬಾಯಿಗಾದ್ರೂ ಕಟ್ಕೊಳ್ಳಾಕ ಆಗ್ತದ."

ನಿಲಂಗಾದಲ್ಲಿ ವಿಚಾರಣೆ ನಡೆಯಿತು. ಕಂಪನಿಯವರು ಮೊದಲಿಗೆ ಪತ್ರ ಸಲ್ಲಿಸಿದರು. ಸರ್ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ನನ್ನ ಸರದಿ ಬಂದಾಗ ನನ್ನಲ್ಲಿದ್ದ ಪ್ರತಿಯನ್ನು ಎತ್ತಿ ಹಿಡಿದು, ತರಗತಿಯ ಅವರದೇ ಧಾಟಿಯಲ್ಲಿ ಕೇಳಿದೆ: "ಸರ, ಇದನ್ನ ಎಡಗಡಿ ಬರೀಬೇಕೇನ್ರಿ, ಬಲಗಡಿ?"

ಅವರು ಎದ್ದು ನಿಂತರು. "ಬಲಗಡೀನ ಬರಿಯವ್ವಾ. ನಾ ಕಂಡಿಲ್ಲ," ಎಂದರು. ಸಮಿತಿಯ ಅಧಿಕಾರಿಯ ಕಡೆ ತಿರುಗಿ ಪತ್ರವನ್ನು ಮರಳಿ ಕೇಳಿದರು. "ದಾಖಲ ಝಾಲಯ್ ಗುರೂಜಿ, ಆತಾ ರಾಹೂ ದ್ಯಾ" ಎಂದು ಅಧಿಕಾರಿ ಮರಾಠಿಯಲ್ಲಿ ಹೇಳಿ ನಕ್ಕರು; ದಾಖಲಾಗಿಬಿಟ್ಟಿದೆ, ಇನ್ನು ಬಿಡಿ ಎಂದು. ಸಭೆಯೂ ನಕ್ಕಿತು. ಚಾಚಿದ ಕೈಯನ್ನು ಸರ್ ತಕ್ಷಣ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಕೆಲವು ದಿನಗಳ ನಂತರ ಉದಗೀರದ ಕೋಟೆಯ ರಸ್ತೆಯಲ್ಲಿ ಎದುರಾದರು. ನಾನು ತಲೆ ತಗ್ಗಿಸಿದೆ, ಅವರೇ ನಿಂತರು.

"ನಿನ್ನ ಪ್ರಶ್ನಾ ಸರಿ ಇತ್ತು, ಬಿಡವ್ವಾ. ಅವರು ನಾಲ್ಕು ಮಂದಿ ಮುಂದ ಶಾಲು ಹೊದಿಸಿದ್ರು, ಇಲ್ಲ ಅನ್ನಲಿಕ್ಕ ನನಗ ಬಾಯಿ ಬರಲಿಲ್ಲ. ನೀನೂ ನಾಲ್ಕು ಮಂದಿ ಮುಂದೇ ಕೇಳಿದಿ. ಮನಿಗಿ ಬಂದಿದ್ರ..."

ಎಲ್ಲರ ತಪ್ಪನ್ನೂ ಎತ್ತಿ ಹೇಳಿದ ನಾನು ನನ್ನದನ್ನೂ ಹೇಳಬೇಕು. ಪ್ರತಿ ನನ್ನ ಕೈಗೆ ಬಂದಾಗ ವಿಚಾರಣೆಗೆ ಇನ್ನೂ ನಾಲ್ಕು ದಿನವಿತ್ತು. ಅವರ ಮನೆ ನನಗೆ ಗೊತ್ತಿತ್ತು. ಹೋಗಿ ಕೇಳಿದ್ದರೆ ಆ ಪತ್ರ ಸಮಿತಿಗೆ ತಲುಪುತ್ತಲೇ ಇರಲಿಲ್ಲ. ನಾನು ಹೋಗಲಿಲ್ಲ, ಸಭೆಯಲ್ಲಿ ಗೆಲ್ಲಬೇಕೆಂದಿದ್ದೆ.

ಮುಂದಿನ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಔಷಧ ನಿಷೇಧವಾಗಲಿಲ್ಲ. ಅವರು ಎದ್ದು ನಿಂತು ಆಡಿದ ಮಾತು ಅಂದಿನ ಸಭೆಯ ನಡಾವಳಿಯಲ್ಲಿ ಇಲ್ಲ. ಸಹಿಯಿರುವ ಪತ್ರ ಮಾತ್ರ ಇದೆ. ಉಮರ್ಗಾದ ಹೆಂಗಸರು ಹೊಸದಾಗಿ ಅರ್ಜಿ ಹಾಕಿದ್ದಾರೆ. ಕಂಪನಿ ಮತ್ತೆ ಅದೇ ಪತ್ರವನ್ನು ಮುಂದಿಟ್ಟಿದೆ. ಅದು ಸುಳ್ಳೆಂದು ನಾನು ಮತ್ತೆ ವಾದಿಸಬೇಕು. ನಿನ್ನೆ ನನ್ನ ಹೇಳಿಕೆಯನ್ನು ಬರೆಯುತ್ತ, ಅವರ ಹೆಸರಿನ ಮುಂದೆ 'ಲಿಂಗೈಕ್ಯ' ಎಂದು ಸೇರಿಸಿದೆ. ಕಂಪನಿಯ ಕಡತದಲ್ಲಿ ಅವರು ಇನ್ನೂ ಬದುಕಿದ್ದಾರೆ.